ಕರೆಯುವಾಗ ಸೋಸಬಾರದು

ಇಡೀ ಊರು ಹಾಲಿನ ಕ್ಯಾನು ಹಿಡಿದು ಡೇರಿ ಮುಂದೆ ಸಾಲು ನಿಂತಿದ್ದಾಗ ಮುನಿಗಂಗಮ್ಮ ಒಂದು ಪ್ರತಿಜ್ಞೆ ಮಾಡಿದಳು. ಭೀಷ್ಮ ಮಾಡಿದ್ದು ಇದರ ಮುಂದೆ ಚಿಕ್ಕದು.

"ನಮ್ಮವರ ಬಗ್ಗೆ ನಾನೇ ಬರೀತೀನಿ. ಎರಡು ಪುಟ. ನಾಳೆ ನಾಲ್ಕು ಗಂಟೆಯೊಳಗೆ ಬಂಗಾರಪೇಟೆ ಪ್ರೆಸ್ಸಲ್ಲಿ ಇರ್ತದೆ."

ಡೇರಿ ಕಾರ್ಯದರ್ಶಿ ಶ್ರೀಧರ್ ಪೆನ್ನಿನ ಮುಚ್ಚಳ ಕಚ್ಚಿದ. "ನೀನು ಓದಿರೋದು ನಾಲ್ಕನೇ ಕ್ಲಾಸು ಕಣಕ್ಕಾ."

"ಅವರು ಸತ್ತಿರೋದು ನನಗೆ. ಕ್ಲಾಸಿಗಲ್ಲ."

ಡೇರಿಗೆ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ಪುಸ್ತಕ ಬರುತ್ತಿತ್ತು. ತೀರಿಹೋದವರಿಗೆಲ್ಲ ಅದರಲ್ಲಿ ಫೋಟೋ ಸಮೇತ ಜಾಗ. ಬರೆಯುವವರಿಲ್ಲದ ಸತ್ತವರಿಗಾಗಿ ಶ್ರೀಧರ್ ಹತ್ತಿರ ಒಂದು ರೆಡಿಮೇಡ್ ಇತ್ತು: 'ಶ್ರೀಯುತರು ಮೃದುಭಾಷಿಗಳು, ಸರಳ ಸಜ್ಜನರು, ಅಜಾತಶತ್ರುಗಳು.' ಹೆಸರು ಬದಲಾಯಿಸುವುದಷ್ಟೇ ಕೆಲಸ. ಈಗಾಗಲೇ ಮೂವರು ಅದರೊಳಗೆ ಮಲಗಿದ್ದರು. ನಾಲ್ಕು ಗಂಟೆ ಮೀರಿದರೆ ಮುನಿಗಂಗಮ್ಮನ ಗಂಡ ನಾಲ್ಕನೆಯವನು.

ಮೃದುಭಾಷಿಯಂತೆ! ಇಪ್ಪತ್ತೆರಡು ವರ್ಷ ಆತ ಅದೇ ಡೇರಿಯಲ್ಲಿ ಹಾಲಿಗೆ ಗಾಜಿನ ಕಡ್ಡಿ ಬಿಟ್ಟು ನೀರು ಬೆರೆತಿದೆಯೇ ಎಂದು ನೋಡಿದವನು. "ನೀರು!" ಅಂತ ಆತ ಕೂಗಿದರೆ ಕೆರೆಯಾಚೆ ಕಟ್ಟಿದ ಎಮ್ಮೆ ಹಗ್ಗ ಕಿತ್ತುಕೊಳ್ಳುತ್ತಿತ್ತು. ಅರ್ಧ ಊರು ಆತನ ಮೇಲೆ ಹಲ್ಲು ಕಡಿಯುತ್ತಲೇ ಹಾಲು ಹಾಕುತ್ತಿತ್ತು. ಸತ್ತು ಎಂಟು ತಿಂಗಳು. ಒಂದು ಸಲ ಮಣ್ಣು ಮಾಡಿದ್ದಾಗಿತ್ತು. ಬೇರೆಯವರ ಮಾತಿನೊಳಗೆ ಹಾಕಿ ಇನ್ನೊಂದು ಸಲ ಮಣ್ಣು ಮಾಡಲು ಆಕೆ ತಯಾರಿರಲಿಲ್ಲ.

ಮಾರನೇ ದಿನ ಬೆಳಗಿನ ಹಾಲು ಹಾಕಿ ಬಂದು, ಒಲೆಯ ಮೇಲೆ ಮುದ್ದೆಗೆ ಎಸರಿಟ್ಟು, ಹೊಸ ನೋಟ್‌ಬುಕ್ ಬಿಡಿಸಿ ಕೂತಳು. ಮೂಗಿನ ಮೇಲೆ ಗಂಡನ ಕನ್ನಡಕ. ಆತ ಹೋದ ಮೇಲೆ ಆಕೆ ಅದನ್ನೇ ಹಾಕುತ್ತಿದ್ದಳು. ಅದಿಲ್ಲದಿದ್ದರೆ ಅಕ್ಷರ ಇರುವೆ ಸಾಲು.

'ನಮ್ಮವರು ಬಹಳ ಒಳ್ಳೆಯವರು' ಎಂದು ಬರೆದಳು. ನೋಡಿದಳು. 'ಬಹಳ' ಹೊಡೆದುಹಾಕಿದಳು. ಮತ್ತೆ ನೋಡಿದಳು. 'ಒಳ್ಳೆಯವರು' ಕೂಡ ಹೋಯಿತು. 'ನಮ್ಮವರು' ಒಂದೇ ಉಳಿಯಿತು. ಹಾಳೆ ಹರಿದು ಉಂಡೆ ಮಾಡಿ ಹಿಂದಕ್ಕೆ ಎಸೆದಳು.

ಎರಡನೇ ಹಾಳೆಗೂ ಅದೇ ಗತಿ. ಹತ್ತನೆಯದಕ್ಕೂ. ಆ ಕನ್ನಡಕದೊಳಗಿಂದ ನೋಡಿದರೆ ಪ್ರತಿ ಸಾಲಿನಲ್ಲೂ ನೀರೇ ಕಾಣುತ್ತಿತ್ತು. ಒಂದು ಪದ ಇಟ್ಟರೆ ಸಾಕು, ಕಿವಿಯಲ್ಲಿ ಆತನ ಗಂಟಲು: ನೀರು, ವಾಪಸ್. ನಾಲ್ಕನೇ ಕ್ಲಾಸಿನವಳಿಗೆ ಯಾಕೆ ಬೇಕಿತ್ತು ಇದೆಲ್ಲ? ಹನ್ನೊಂದು ಗಂಟೆಯಾಯಿತು. ನೋಟ್‌ಬುಕ್ಕಿನಲ್ಲಿ ಉಳಿದದ್ದು ಆರು ಹಾಳೆ.

ಆಗ ಸೆಲ್ವಿ ಬಂದಳು. ಚಾಂಪಿಯನ್ ರೀಫ್ಸ್‌ನ ಗಣಿ ಕಾಲೊನಿಯಿಂದ ಈ ಮನೆಗೆ ಸೊಸೆಯಾಗಿ ಬಂದ ತಮಿಳಿನವಳು, ಮುನಿಗಂಗಮ್ಮನ ಮೈದುನನ ಹೆಂಡತಿ, ಪಕ್ಕದ ಬಾಗಿಲು.

"ಎನ್ನಕ್ಕಾ ಇದು, ಬೀದಿಯೆಲ್ಲಾ ಸೀದ ವಾಸನೆ?"

ಎಸರು ಇಂಗಿ, ಪಾತ್ರೆಯ ತಳ ಕೆಂಡವಾಗಿತ್ತು. ಸೆಲ್ವಿ ಅದನ್ನು ಇಳಿಸಿ ತಿರುಗಿದರೆ, ಹಿಂದುಗಡೆ ಹಸು ಗೌರಿ ಕಲಗಚ್ಚಿನ ಬಾನಿಗೆ ಮೂತಿ ಇಟ್ಟು ಏನೋ ಮೆಲ್ಲುತ್ತಿತ್ತು. ಬಾಯಿಂದ ನೀಲಿ ಗೆರೆಯ ಕಾಗದ ಇಣುಕುತ್ತಿತ್ತು.

"ಅಕ್ಕಾ, ಹಸ ನೋಟ್‌ಬುಕ್ ತಿಂತಾ ಐತೆ."

"ತಿನ್ಲಿ. ಅದರಲ್ಲಿ ಏನೂ ಇಲ್ಲ."

"ಸಂಜೆ ಹಾಲಲ್ಲಿ ಅಕ್ಷರ ಬಂದ್ರೆ?"

ಮುನಿಗಂಗಮ್ಮ ನಗಲಿಲ್ಲ. "ನನ್ನ ಕೈಲಿ ಆಗಲ್ಲ ಕಣೇ. ಶ್ರೀಧರಂದೇ ಹಾಕ್ಕೊಳ್ಳಲಿ."

ಸೆಲ್ವಿ ಬಾನಿ ಪಕ್ಕಕ್ಕೆಳೆದು ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. "ಹಾಲು ಕರೀವಾಗ ಒಂದು ಧಾರೆ ಕರೆದು, ಎದ್ದು ಹೋಗಿ ಸೋಸಿ, ಮತ್ತೆ ಬಂದು ಇನ್ನೊಂದು ಧಾರೆ ಕರೀತೀಯಾ?"

"ಹಂಗೆ ಮಾಡಿದ್ರೆ ಹಸ ಹಾಲು ಏರಿಸ್ಕೊಂಡು ಒದೀತದೆ."

"ಮತ್ತೆ ಇಲ್ಲಿ ಬೆಳಗ್ಗೆಯಿಂದ ಏನ್ ಮಾಡ್ತಿದ್ದೀಯ?"

ಉತ್ತರಕ್ಕೆ ಕಾಯದೆ ಸೆಲ್ವಿ ಆಕೆಯ ಮೂಗಿನಿಂದ ಕನ್ನಡಕ ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಬರೆಯೋಕೆ ಕೈ ಸಾಕು. ಪೂರ್ತಿ ಕರಿ. ಸೋಸೋದು ಆಮೇಲೆ. ಎರಡು ಗಂಟೆಗೆ ಕೊಡ್ತೀನಿ."

"ಲೇ, ಕೊಡೇ ಇಲ್ಲಿ!"

ಸೆಲ್ವಿ ಗಂಡನ ಆಟೋ ಹತ್ತಿ ಆಗಲೇ ಆಂಡರ್ಸನ್‌ಪೇಟೆ ಕಡೆಗೆ ಹೋಗಿದ್ದಳು.

ಕನ್ನಡಕವಿಲ್ಲ. ಬರೆದದ್ದು ಕಾಣುವುದಿಲ್ಲ. ಕಾಣದ್ದನ್ನು ಹೊಡೆದುಹಾಕುವುದು ಹೇಗೆ? ಮುನಿಗಂಗಮ್ಮ ಬೈದುಕೊಂಡೇ ದಪ್ಪದಪ್ಪ ಅಕ್ಷರದಲ್ಲಿ ಶುರು ಮಾಡಿದಳು. ಡೇರಿಗೆ ಸೇರಿದ ಮೊದಲ ದಿನವೇ ಆತ ಊರೆದುರಿಗೆ ಸ್ವಂತ ಹೆಂಡತಿಯ ಹಾಲನ್ನು ವಾಪಸ್ ಕಳಿಸಿದ್ದು. ಕ್ಯಾನು ತೊಳೆದ ನೀರು ಬಸಿಯದೆ ಉಳಿದಿತ್ತು, ಅಷ್ಟೇ. ಆಕೆ ಹನ್ನೊಂದು ದಿನ ಮಾತು ಬಿಟ್ಟದ್ದು. ಆವತ್ತು ಸಂಜೆ ಆತ ಅದೇ ಹಾಲಿನಲ್ಲಿ ಕಾಫಿ ಕಾಸಿ ಮುಂದೆ ತಂದಿಟ್ಟದ್ದು. 'ನಾನು ಬಸುರಿಯಾಗಿದ್ದಾಗ ಹುಣಿಸೆಕಾಯಿ ಕೇಳಿದೆ. ನಮ್ಮವರು ಮರ ಹತ್ತಿ ಬಿದ್ದು ಬಲಗೈ ಮುರಿದುಕೊಂಡರು. ಎಡಗೈಲಿ ಹಾಲು ನೋಡಿದರು. ಆವತ್ತೂ ನಾಲ್ಕು ಜನರದು ವಾಪಸ್.' ಆಸ್ಪತ್ರೆಯ ಕೊನೇ ದಿನವನ್ನೂ ಬರೆದಳು. 'ಕಾಫಿ ಕುಡಿಸಿದೆ. ನೀರು ಅಂದರು. ಬಾಯಾರಿಕೆಯೋ, ದೂರೋ ಗೊತ್ತಾಗಲಿಲ್ಲ. ಆಮೇಲೆ ಮಾತಾಡಲಿಲ್ಲ.'

ಆರು ಹಾಳೆಯೂ ಮುಗಿದವು. ಅಂದಾಜಿನ ಮೇಲೆ ಬರೆದ ಸಾಲು ಕೆಲವು ಕಡೆ ಒಂದರ ಮೇಲೊಂದು ಹತ್ತಿ ಕೂತಿದ್ದವು.

ಎರಡು ಗಂಟೆ. ಸೆಲ್ವಿ ಇಲ್ಲ. ಎರಡೂಕಾಲು. ಇಲ್ಲ. ಬಂಗಾರಪೇಟೆ ಬಸ್ಸು ಎರಡೂವರೆಗೆ, ಅದು ಹೋದರೆ ಮುಂದಿನದು ನಾಲ್ಕಕ್ಕೆ. ಮುನಿಗಂಗಮ್ಮ ಹಾಳೆಗಳನ್ನು ಎದೆಗವಚಿಕೊಂಡು, ಫೋಟೋ ಚೀಲಕ್ಕೆ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಓಡಿದಳು. ಆಕೆ ಹತ್ತಿದ್ದೇ ತಡ, ಬಸ್ಸು ಹೊರಟೇಬಿಟ್ಟಿತು. ಆಗ ಎದುರಿನಿಂದ ಆಟೋ ಬಂದು ಅಡ್ಡ ನಿಂತಿತು. ಡ್ರೈವರ್ ಬೈದ. ಸೆಲ್ವಿ ಕಿಟಕಿಯೊಳಗೆ ಕನ್ನಡಕ ತೂರಿದಳು.

"ಈಗ ಸೋಸು ಅಕ್ಕಾ!"

ಸೀಟು ಸಿಗಲಿಲ್ಲ. ಕಂಬಿಗೆ ಒರಗಿ ಓದಿದಳು. ಹುಡುಕಿದಳು. ನೀರು ಇತ್ತು, ಇಲ್ಲವೆನ್ನಲಾಗದು. ಏಳು ಸಾಲು ಹೊಡೆದಳು. ಎರಡು ಸಾಲು ಬಿಡಿಸಿ ಬರೆದಳು. ಇನ್ನೊಮ್ಮೆ ಓದಿದಳು, ಮತ್ತೂ ಒಮ್ಮೆ. ಮಿಕ್ಕದ್ದು ಹಾಲೇ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಪ್ರೆಸ್ಸಿನ ಕಾಂತರಾಜ್ ಓದಿ ನಕ್ಕ. ಕೊನೆಯ ಹಾಳೆಯನ್ನು ಎರಡು ಸಲ ಓದಿದ. ಆಮೇಲೆ ಕೇಳಿದ:

"ಚೆನ್ನಾಗೈತಮ್ಮಾ. ಯಾರ ಬಗ್ಗೆ ಇದು?"

"ನಮ್ಮವರ ಬಗ್ಗೆ."

"ಅದು ಮೂವತ್ತು ಸಲ ಬರೆದಿದ್ದೀರಿ. ಹೆಸರು?"

ಮುನಿಗಂಗಮ್ಮ ಸೆರಗು ಸರಿಮಾಡಿಕೊಂಡಳು. ಮದುವೆಯಾದಾಗಿನಿಂದ ಆ ಹೆಸರನ್ನು ಒಮ್ಮೆಯೂ ಆಡಿದವಳಲ್ಲ. ಗಂಡನ ಹೆಸರು ಹೇಳುವ ಹೆಂಗಸು ಆ ಮನೆತನದಲ್ಲೇ ಹುಟ್ಟಿರಲಿಲ್ಲ.

"ತಿರುಪತಿ ದೇವರ ಹೆಸರು" ಎಂದಳು.

"ಶ್ರೀನಿವಾಸಾ?"

"ಅಲ್ಲ."

"ಗೋವಿಂದಪ್ಪ? ತಿಮ್ಮಪ್ಪ? ಬಾಲಾಜಿ?"

"ಇನ್ನೊಂದೈತಲ್ಲಪ್ಪಾ."

"ಅಮ್ಮಾ, ಆ ದೇವರಿಗೆ ಸಾವಿರ ಹೆಸರು. ನನಗಿರೋದು ಐದು ನಿಮಿಷ. ಶ್ರೀಧರ್‌ಗೆ ಫೋನ್ ಮಾಡಲಾ?"

"ಬೇಡ. ಅವನ ಬಾಯಿ ಬಿಡಿಸಿದ್ರೆ ಮೃದುಭಾಷಿ ಬತ್ತದೆ."

ಕಾಂತರಾಜ್ ಪೆನ್ನು ಮುಂದೆ ಹಿಡಿದ. "ಹೇಳಬೇಡಿ. ಬರೀರಿ."

ಆಕೆ ಕನ್ನಡಕ ತೆಗೆದಳು. ಕಣ್ಣು ಕಾಣದಾಯಿತು. ಕೈ ಬರೆಯಿತು: ವೆಂಕಟೇಶಪ್ಪ.

ಕನ್ನಡಕ ಹಾಕಿಕೊಂಡು ನೋಡಿದಳು. ಹೆಸರಿನಲ್ಲಿ ನೀರಿರಲಿಲ್ಲ. ಇದ್ದದ್ದೆಲ್ಲ ಕನ್ನಡಕದ ಈಚೆಗಿತ್ತು.

ಹದಿನೈದು ದಿನ ಮುನಿಗಂಗಮ್ಮ ಊರಿನಲ್ಲಿ ತಲೆ ಎತ್ತಿ ನಡೆದಳು. "ಮೂರು ಸಲ ತಿದ್ದಿ ಕೊಟ್ಟಿದ್ದೀನಿ. ಒಂದು ತಪ್ಪು ತೋರಿಸಿ ನೋಡೋಣ" ಅಂತ ಡೇರಿ ಸಾಲಿನಲ್ಲಿ ನಿಂತವರಿಗೆಲ್ಲ ಹೇಳಿದಳು.

ಹದಿನಾರನೆಯ ದಿನ ಶ್ರೀಧರ್ ಪುಸ್ತಕಗಳ ಕಟ್ಟುಗಳನ್ನೆಲ್ಲ ತಂದು ಆಕೆಯ ಜಗುಲಿಯ ಮೇಲೆ ಕೆಡವಿದ. ಮುಖ ಕೆಂಪಗಿತ್ತು. ಅವನ ಹಿಂದೆ ಸೆಲ್ವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ಅಕ್ಕಾ, ಕೇಳ್ತೀನಿ, ನಿಜ ಹೇಳು. ನಾನು ಯಾವತ್ತು ಬಸುರಿಯಾಗಿದ್ದೆ?"

ಮುನಿಗಂಗಮ್ಮ ಪುಸ್ತಕ ತೆರೆದಳು. ಗಂಡನ ಫೋಟೋ ಸರಿಯಾಗಿತ್ತು. ಹೆಸರು ಸರಿಯಾಗಿತ್ತು. ಬರಹದಲ್ಲಿ ಒಂದು ಪದವೂ ಆಚೀಚೆ ಆಗಿರಲಿಲ್ಲ. ಕೊನೆಯಲ್ಲಿ ಅಚ್ಚಾಗಿತ್ತು: 'ಶ್ರೀಧರ್, ಕಾರ್ಯದರ್ಶಿ.' ಬರೆದವರ ಹೆಸರಿಲ್ಲದ ಪುಟಗಳಿಗೆಲ್ಲ ಪ್ರೆಸ್ಸಿನವರು ಕಾರ್ಯದರ್ಶಿಯ ಹೆಸರನ್ನೇ ಹಾಕಿದ್ದರು.

"ನನ್ನ ಹೆಂಡ್ತಿ ಬೆಳಗ್ಗೆಯಿಂದ ಹುಣಿಸೆಕಾಯಿ ಬೇಕಾ ಅಂತ ಕೇಳ್ತಾವಳೆ" ಎಂದ ಶ್ರೀಧರ್.

"ಮೂರು ಸಲ ತಿದ್ದಿದೆನಲ್ಲಾ" ಎಂದಳು ಮುನಿಗಂಗಮ್ಮ. ದನಿ ಸಣ್ಣಗಿತ್ತು.

"ನಿನ್ನ ಹೆಸರು ಬರೆದಿದ್ರೆ ತಾನೇ ಅಕ್ಕಾ ತಿದ್ದೋದು" ಎಂದಳು ಸೆಲ್ವಿ.

ಮುನಿಗಂಗಮ್ಮ ಕನ್ನಡಕ ತೆಗೆದು ಸೆಲ್ವಿಯ ಕೈಗಿಟ್ಟಳು. ಪೆನ್ನು ತೆಗೆದುಕೊಂಡು ಜಗುಲಿಯ ಮೇಲೆ ಕಾಲು ಚಾಚಿ ಕೂತಳು. ಮುನ್ನೂರು ಪುಸ್ತಕ. ಒಂದೊಂದರಲ್ಲೂ ಶ್ರೀಧರನನ್ನು ಹೊಡೆದು, ಪಕ್ಕದಲ್ಲಿ ತನ್ನ ಹೆಸರು ಬರೆಯತೊಡಗಿದಳು. ಶ್ರೀಧರ್ ಪುಟ ಬಿಡಿಸಿ ಬಿಡಿಸಿ ಮುಂದಿಟ್ಟ.

"ಬೇಗ ಬರಿ ಅಕ್ಕಾ" ಎಂದ. "ಸಂಜೆ ಹಾಲಿನ ಹೊತ್ತಿಗೆ ನನಗೆ ಹೆರಿಗೆ ಆಗಿರಬೇಕು."