ದವಡೆ ನಕ್ಕ ದಿನ

ಆ ದಿನದ ಗ್ರಹಚಾರ ಶುರುವಾದದ್ದು ಒಂದು ನಗುವಿನಿಂದ.

ಹಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನನ್ನು ಎಲ್ಲರೂ ‘ಸ್ಟುಡಿಯೋ’ ಎಂದೇ ಕರೆಯುತ್ತಿದ್ದರು. ಇಪ್ಪತ್ತು ವರ್ಷ ಮದುವೆ ಫೋಟೋ ತೆಗೆದು, ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಅಂಗಡಿ ಮುಚ್ಚಿ, ನಲವತ್ತು ದಾಟಿದ ಮೇಲೆ ಈ ಕೆಲಸ ಕಲಿತವನು. ಬೆಳಿಗ್ಗೆ ಮೊದಲು ಬಂದ ಟೈಲರ್‌ನ ಇಡೀ ದವಡೆಯ ಚಿತ್ರ ಪರದೆಯ ಮೇಲೆ ಮೂಡಿದಾಗ ಅವನ ಮುಖ ಅರಳಿತು. ಹಲ್ಲಿನ ಸಾಲು ಕಿವಿಯಿಂದ ಕಿವಿಗೆ ನಗುತ್ತಿತ್ತು.

“ನೋಡಿ ಅಕ್ಕ, ಎಷ್ಟು ಚೆನ್ನಾಗಿ ನಕ್ಕಿದ್ದಾರೆ.”

ಅಕ್ಕ ಅಲ್ಲಿನ ಹಿರಿಯ ನರ್ಸ್. ಮೂವತ್ತು ವರ್ಷ ತಾನೇ ಎಕ್ಸ್‌ರೇ ತೆಗೆದು, ಮಂಡಿ ನೋವು ಶುರುವಾದ ಮೇಲೆ ಕೂತಲ್ಲೇ ಚಿತ್ರ ಪರೀಕ್ಷಿಸಿ ರಿಜಿಸ್ಟರ್ ಬರೆಯುತ್ತಿದ್ದಳು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಒಮ್ಮೆ ನೋಡಿದಳು.

“ನಕ್ಕಿದ್ದು ಅವರಲ್ಲಪ್ಪ. ಗದ್ದ ಕೆಳಗೆ ಬಾಗಿದೆ. ತಲೆ ನೆಟ್ಟಗಿದ್ರೆ ಎಕ್ಸ್‌ರೇ ಇಷ್ಟೊಂದು ನಗಲ್ಲ. ಕೆಳಸಾಲಿನ ಮುಂದಿನ ಹಲ್ಲಿನ ಬೇರು ಕಾಣ್ತಾನೇ ಇಲ್ಲ ನೋಡು. ಬಗ್ಗಿ ಬಗ್ಗಿ ಹೊಲಿದ ಕತ್ತು, ನೆಟ್ಟಗೆ ನಿಲ್ಲಿಸೋದು ನಿನ್ನ ಕೆಲಸ.”

ಚಿತ್ರ ಮತ್ತೆ ತೆಗೆಯಬೇಕಾಯಿತು. ಡಾಕ್ಟರು ಹೊರಗೆ ಬಂದರು. “ಸುಮ್ಮಸುಮ್ಮನೆ ಒಬ್ಬರ ಮೇಲೆ ಎರಡೆರಡು ಸಲ ಕಿರಣ ಹಾಯಿಸೋದು ನನಗಾಗಲ್ಲ. ಇವತ್ತು ಮೂರು ಚಿತ್ರ ಕೆಟ್ರೆ ನಾಳೆಯಿಂದ ನೀವು ಫೋನ್ ಹತ್ರ ಕೂತ್ಕೊಳ್ಳಿ.”

ಎರಡು ವರ್ಷದಿಂದ ಎಕ್ಸ್‌ರೇ ಕೋಣೆಯ ಮೇಲೆ ಕಣ್ಣಿಟ್ಟಿದ್ದ ಫೋನಿನ ಹುಡುಗಿ ಗಾಜಿನಾಚೆಯಿಂದ ಒಂದು ಬೆರಳು ಎತ್ತಿ ತೋರಿಸಿದಳು.

ಹನ್ನೊಂದು ಗಂಟೆಗೆ ಬ್ಯಾಂಕಿನ ಮ್ಯಾನೇಜರಮ್ಮ ಬಂದರು. ಈ ಸಲ ಸ್ಟುಡಿಯೋ ಗದ್ದವನ್ನು ಅಳತೆಪಟ್ಟಿ ಹಿಡಿದವನ ಹಾಗೆ ಕೂರಿಸಿದ. ಆದರೆ ಚಿತ್ರದಲ್ಲಿ ಎಡದವಡೆಯ ಕಡೆ, ಮೇಲೆ, ಮೋಡದಂಥ ಬಿಳಿ ಮಸುಕೊಂದು ನಿಂತಿತ್ತು.

“ಗಡ್ಡೆ ಇರಬಹುದಾ ಅಕ್ಕ?” ಎಂದು ಪಿಸುಗುಟ್ಟಿದ.

ಆ ಪಿಸುಮಾತು ಫೋನಿನ ಹುಡುಗಿಯ ಕಿವಿ ದಾಟಿ ಮ್ಯಾನೇಜರಮ್ಮನ ಗಂಡನನ್ನು ತಲುಪಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಆತ ಕುರ್ಚಿಗೆ ಕುಸಿದು, ಅತ್ತೆಗೆ, ಭಾವಮೈದುನನಿಗೆ, ಕೊನೆಗೆ ಹೆಂಡತಿಯ ಬ್ಯಾಂಕಿಗೂ ಸುದ್ದಿ ಮುಟ್ಟಿಸಿದ.

ಅಕ್ಕ ಮಾತ್ರ ಅಲುಗಲಿಲ್ಲ. “ಗಡ್ಡೆ ಅಲ್ಲ, ನೆರಳು. ಯಂತ್ರ ತಲೆ ಸುತ್ತ ತಿರುಗುತ್ತಲ್ಲ, ಈ ಕಡೆ ಇರೋ ಲೋಹ ಆ ಕಡೆ ಒಂಚೂರು ಮೇಲೆ ಮಸುಕಾಗಿ ಬೀಳುತ್ತೆ. ಬಲಗಿವಿ ನೋಡು, ಓಲೆ ಹಾಗೇ ಇರುತ್ತೆ.”

ಕೂದಲು ಸರಿಸಿದರೆ ಹೌದು. ಎಡಗಿವಿಯದನ್ನು ಬಿಚ್ಚಿದ್ದರು, ಬಲಗಿವಿಯದು ಮರೆತಿದ್ದರು. ಸ್ಟುಡಿಯೋ ಬೆರಗಾಗಿ ನಿಂತ. ಇಪ್ಪತ್ತು ವರ್ಷ ಎದುರಿಗೇ ಇದ್ದ ಮುಖ ನೋಡಿದವನು ತಾನು. ಈಕೆ ನೆರಳು ನೋಡಿ ಕಿವಿ ಹೇಳುತ್ತಾಳೆ. ಅತ್ತೆ ಅಳುತ್ತ ಒಳಗೆ ನುಗ್ಗಿದಾಗಲೂ ಅವನು ಆ ಬೆರಗಿನಿಂದ ಹೊರಗೆ ಬಂದಿರಲಿಲ್ಲ. ಗಾಜಿನಾಚೆ ಎರಡು ಬೆರಳು ಎದ್ದಿದ್ದವು.

ಮಧ್ಯಾಹ್ನ ಐದು ಚಿತ್ರಗಳು ಅಚ್ಚುಕಟ್ಟಾಗಿ ಬಂದವು. ಸಂಜೆಯ ಹೊತ್ತಿಗೆ ಅಕ್ಕನ ಕೆನ್ನೆ ಬನ್ನಿನಂತೆ ಊದಿದ್ದು ಡಾಕ್ಟರ ಕಣ್ಣಿಗೆ ಬಿತ್ತು. ವಾರದಿಂದ ಹಲ್ಲುನೋವು ಮುಚ್ಚಿಟ್ಟಿದ್ದಳಂತೆ. “ಮೊದಲು ಎಕ್ಸ್‌ರೇ,” ಎಂದರು ಡಾಕ್ಟರು.

ಸ್ಟುಡಿಯೋ ಅವಳಿಗೆ ಸೀಸದ ಮೇಲಂಗಿ ಹೊದಿಸಿದ, ಕೋನ ನೋಡಿದ, ಮತ್ತೊಮ್ಮೆ ನೋಡಿದ, ಆಚೆ ಹೋಗಿ ಗುಂಡಿ ಒತ್ತಿದ. ಪರದೆಯ ಮೇಲೆ ಒಂದು ಹಲ್ಲು ಎರಡಾಗಿ ಕದಡಿಕೊಂಡು ಕಾಣಿಸಿತು. ಮೂರನೆಯ ಬೆರಳು ಎದ್ದಿತು.

ಅಕ್ಕ ಕೆನ್ನೆ ಹಿಡಿದುಕೊಂಡೇ ಪರದೆಯ ಹತ್ತಿರ ಬಂದಳು. “ಕೋನ ಸರಿ ಇದೆ. ಯಂತ್ರದ ಮೂತಿನೂ ಸರಿ ಕೂತಿದೆ. ರೋಗಿ ನಡುಗಿದ್ದಾರೆ.”

“ರೋಗಿ ನೀವೇ ಅಲ್ವಾ?” ಎಂದರು ಡಾಕ್ಟರು.

“ನಾನೇ. ಮೂವತ್ತು ವರ್ಷ ಗುಂಡಿ ಒತ್ತಿದ್ದೀನಿ. ಈ ಕುರ್ಚಿಯಲ್ಲಿ ಒಂದಿನ ಕೂತಿರಲಿಲ್ಲ. ಆ ಸದ್ದು ಕೇಳಿ ಎದೆ ಝಲ್ ಅಂತು.”

ಡಾಕ್ಟರು ನಕ್ಕುಬಿಟ್ಟರು. “ಹಾಗಾದ್ರೆ ಇದು ಇವರ ಲೆಕ್ಕಕ್ಕಿಲ್ಲ.” ಮೂರನೆಯ ಬೆರಳು ಮಡಚಿಕೊಂಡಿತು. ಮತ್ತೆ ತೆಗೆದ ಚಿತ್ರದಲ್ಲಿ ಬೇರಿನ ತುದಿಯವರೆಗೂ ಗೆರೆ ಎಳೆದಷ್ಟು ಸ್ಪಷ್ಟ. “ಇಂಥದ್ದು ಪುಸ್ತಕದಲ್ಲೇ ನೋಡಿದ್ದು,” ಎಂದು ಡಾಕ್ಟರು ಸ್ಟುಡಿಯೋನ ಬೆನ್ನು ತಟ್ಟಿ, ಅಕ್ಕನ ಹಲ್ಲು ಕಿತ್ತರು.

ಬಾಯಿ ತುಂಬ ಹತ್ತಿ ಇದ್ದುದರಿಂದ ಅಕ್ಕ ಮಾತಾಡುವಂತಿರಲಿಲ್ಲ. ಎದ್ದವಳೇ ರಿಜಿಸ್ಟರ್ ಎಳೆದುಕೊಂಡು ಬರೆದಳು. ಡಾಕ್ಟರು ಓದಿದರು:

“ಕೆಟ್ಟ ಚಿತ್ರ: ಮೂರನೆಯದು. ದೋಷ: ಮಸುಕು. ಕಾರಣ: ರೋಗಿ ನಡುಗಿದ್ದು. ನಡುಗಲು ಕಾರಣ: ತೆಗೆದವರು ರೋಗಿಗೆ ಒಂದು ಮಾತು ಧೈರ್ಯ ಹೇಳಲಿಲ್ಲ. ತಪ್ಪು ತೆಗೆದವರದು.”

ಸ್ಟುಡಿಯೋ ನೆನಪಿಸಿಕೊಂಡ. ನಿಜ, ಹೇಳಿರಲಿಲ್ಲ. ಅಕ್ಕನಿಗೆ ಧೈರ್ಯ ಹೇಳುವುದುಂಟೇ ಎಂದುಕೊಂಡಿದ್ದ. ಆ ರಿಜಿಸ್ಟರಿನಲ್ಲಿ ಅಕ್ಕ ಬರೆದ ಒಂದು ಕಾರಣವೂ ಇದುವರೆಗೆ ಸುಳ್ಳಾಗಿರಲಿಲ್ಲ. ಡಾಕ್ಟರು ನಿಟ್ಟುಸಿರುಬಿಟ್ಟು ಫೋನಿನ ಮೇಜಿನ ಕಡೆ ನೋಡಿದರು. ಹುಡುಗಿ ಆಗಲೇ ತನ್ನ ಬ್ಯಾಗು ಎತ್ತಿಕೊಂಡು ಎಕ್ಸ್‌ರೇ ಕೋಣೆಯ ಕಡೆ ಹೊರಟಿದ್ದಳು.

ಮನೆಗೆ ಹೋದ ಸ್ಟುಡಿಯೋ ಹೆಂಡತಿಯ ಮುಂದೆ ಅಕ್ಕನನ್ನು ಹೊಗಳಿದ್ದೇ ಹೊಗಳಿದ್ದು. “ಎಂಥಾ ಕಣ್ಣು ಅಂತೀಯ. ನಡುಗಿದ್ದು ತಾನು. ಅದರೊಳಗೂ ನನ್ನ ತಪ್ಪು ಎಲ್ಲಿದೆ ಅಂತ ಕರೆಕ್ಟಾಗಿ ಹಿಡಿದುಬಿಟ್ಳು.”

“ಸರಿ, ನಾಳೆ ಏನ್ ಕೆಲಸ ನಿಮಗೆ?”

“ಫೋನ್ ಎತ್ತೋದು,” ಎಂದ, ಹೆಮ್ಮೆ ಇನ್ನೂ ಇಳಿಯದ ದನಿಯಲ್ಲೇ.