ಮೆಣಸಿನಕಾಯಿ ಬಿಟ್ಟ ಮೈದುನ

ನನ್ನ ಮೈದುನನಿಗೆ ತಲೆ ಕೆಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲ ಕೇಳಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ. ಬಸವಕಲ್ಯಾಣದಿಂದ ನಾರಾಯಣಪುರದ ಕಡೆ ಹೋಗುವ ರಸ್ತೆಯಲ್ಲಿ ಯಾರನ್ನಾದರೂ ನಿಲ್ಲಿಸಿ, "ಆ ಎಮ್ಮೆಯವರ ಮನೆಯ ಸಣ್ಣ ಮಗ ಹೇಗೆ?" ಎಂದು ಕೇಳಿ ನೋಡಿ. ಬಾಯಿಂದ ಏನೂ ಹೇಳುವುದಿಲ್ಲ. ಬೆರಳನ್ನು ಹಣೆಯ ಪಕ್ಕಕ್ಕೆ ತಂದು ಒಂದು ಸುತ್ತು ತಿರುಗಿಸುತ್ತಾರೆ. ನಾನು ಅವನ ವೈನಿ. ಅವನ ಅಣ್ಣನನ್ನು ಮದುವೆಯಾಗಿ ದುಬಲಗುಂಡಿಯಿಂದ ಈ ಮನೆಗೆ ಬಂದಾಗ ಅವನಿನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ಆ ತಲೆಯಲ್ಲಿ ಹೇನು ಹೆಕ್ಕಿದವಳು ನಾನು, ಅದರ ಸ್ಥಿತಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೆಟ್ಟಿಲ್ಲ. ಸ್ವಲ್ಪ ಬೇರೆ ಕಡೆ ತಿರುಗಿದೆ, ಅಷ್ಟೇ.

ನಮ್ಮದು ದನ ಕಾಯುವವರ ಮನೆ. ಮಾವನವರ ತಂದೆ ಊರವರ ದನ ಕಾಯುತ್ತಿದ್ದರು. ಮಾವನವರೂ ಹುಡುಗತನವನ್ನೆಲ್ಲ ಅವುಗಳ ಹಿಂದೆಯೇ ಕಳೆದರು. ಈಗ ಸ್ವಂತದ ಎಮ್ಮೆಗಳಿವೆ, ಒಂದಿಷ್ಟು ಹೊಲವಿದೆ, ನನ್ನ ಗಂಡ ಟ್ರ್ಯಾಕ್ಟರ್ ಓಡಿಸುತ್ತಾರೆ, ಹಾಲು ಊರೊಳಗೆ ಹೋಗುತ್ತದೆ. ಇಂಥ ಮನೆಯ ಹುಡುಗ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು ಹುಮನಾಬಾದಿನ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿ ಕೆಮಿಸ್ಟ್ರಿ ತೆಗೆದುಕೊಂಡ. ಹಾಲು ಹಾಕುವ ಮನೆಮನೆಯಲ್ಲೂ ಮಾವನವರು ಚೊಂಬು ಕೆಳಗಿಟ್ಟು, "ಸಣ್ಣಾಂವ ಕೆಮಿಸ್ಟ್ರಿ ಓದಾಕತ್ತಾನ್ರಿ" ಎನ್ನುತ್ತಿದ್ದರು. ಹಾಗೆಂದರೇನು ಎಂದು ಅವರಿಗೂ ಗೊತ್ತಿರಲಿಲ್ಲ, ಕೇಳಿದವರಿಗೂ ಗೊತ್ತಿರಲಿಲ್ಲ. ಹಾಗಾಗಿ ಇಬ್ಬರಿಗೂ ಬಹಳ ಸಂತೋಷವಾಗುತ್ತಿತ್ತು.

ಕೆಮಿಸ್ಟ್ರಿಯವನಾಗಿದ್ದಾಗಲೂ ಅವನೇನು ಸುಮ್ಮನಿದ್ದವನಲ್ಲ. ಏನು ಓದುತ್ತಾನೋ ಅದನ್ನು ಬದುಕಬೇಕು ಎನ್ನುವುದು ಅವನ ಹುಟ್ಟುಗುಣ. ಸಾರಿಗೆ ಉಪ್ಪನ್ನು ಕೈಯಲ್ಲಿ ಹಾಕಬಾರದು, ಅಳೆದು ಹಾಕಬೇಕು ಎಂದು ನನ್ನ ಹಿಂದೆ ಬಿದ್ದ. ಒಂದು ದಿನ ಹಾಲಿನಲ್ಲಿ ನೀರೆಷ್ಟಿದೆ ಎಂದು ತೋರಿಸುವ ಗಾಜಿನ ಕಡ್ಡಿಯನ್ನು ಕಾಲೇಜಿನಿಂದ ತಂದ. ತಂದವನು ಒಳಗೆ ಬಂದು ನೋಡಬಾರದೆ? ಹಾಲು ಒಯ್ಯಲು ಬಂದವರೆಲ್ಲ ಅಂಗಳದಲ್ಲಿ ನಿಂತಿರುವಾಗ ಅಪ್ಪನ ಕ್ಯಾನಿಗೇ ಇಳಿಸಿದ. ಕಡ್ಡಿ ಮುಳುಗಿತು. ಮೈದುನ ದೊಡ್ಡ ಸತ್ಯವಂತನ ಹಾಗೆ, "ಅಪ್ಪಾ, ಇದರಾಗ ನೀರ ಅದ" ಎಂದ. ಎಲ್ಲರೂ ಮಾವನವರ ಮುಖ ನೋಡಿದರು. ಅವರು ಒಂದಿಷ್ಟೂ ಅಳುಕದೆ ಹೇಳಿದರು: "ಇರದ ಏನ್ ಮಾಡ್ತದೋ? ನಿನ್ನಿ ದಿನಪೂರ್ತಿ ಎಮ್ಮಿ ಮಳ್ಯಾಗ ನಿಂತಿತ್ತು."

ಆ ವಾರ ಹಾಲು ತುಸು ಗಟ್ಟಿಯಾಯಿತು. ಮಾವನವರ ಹೆಮ್ಮೆಯೂ ಗಟ್ಟಿಯಾಯಿತು. ಅಪ್ಪನನ್ನೇ ಹಿಡಿದುಕೊಟ್ಟ ಮಗ ಎಂದರೆ ಓದು ಖರೇ ತಲೆಗೆ ಹತ್ತಿದೆ ಎಂದೇ ಅವರು ತಿಳಿದರು.

ಎರಡನೆಯ ವರ್ಷ ನಡೆಯುತ್ತಿರುವಾಗ ಒಂದು ಮುಂಜಾನೆ ಮೈದುನ ಅಂಗಳದಲ್ಲಿ ನಿಂತು, ತಾನು ಕೆಮಿಸ್ಟ್ರಿ ಬಿಟ್ಟು ಬಿ.ಎ.ಗೆ ಮೊದಲಿನಿಂದ ಸೇರಿಕೊಂಡಿದ್ದೇನೆ, ಇನ್ನು ಮುಂದೆ ಇತಿಹಾಸ ಓದುತ್ತೇನೆ ಎಂದು ಹೇಳಿದ. ಹಾಲು ಕರೆಯುತ್ತಿದ್ದ ಮಾವನವರ ಕೈ ನಿಂತುಹೋಯಿತು.

"ಹೊಲದಾಗಿನ ಕಲ್ಲು ಆರಸು ಅಂದ್ರ ಆಗಂಗಿಲ್ಲ, ಊರೂರ ಕಲ್ಲು ನೋಡಾಕ ಹೊಂಟಾನ" ಎಂದರು. ಆಮೇಲೆ ದನಿ ಇಳಿಸಿ, "ನನ್ನ ಕೈಯಾಗಿನ ಕೋಲು ಇವನ ಕೈಗಿ ಬರಬಾರದಂತ ಅಷ್ಟು ಕಷ್ಟಪಟ್ಟೆ. ಇನ್ನ ಇವನ ಜೋಡಿ ಮಾತಿಲ್ಲ" ಎಂದು ಎದ್ದು ಹೋದರು.

ಸಿಟ್ಟಿನಲ್ಲಿ ಹೇಳಿದ ಮಾತು, ಸಂಜೆಗೆ ಇಳಿಯುತ್ತದೆ ಎಂದುಕೊಂಡೆವು. ಇಳಿಯಲಿಲ್ಲ. ಮಳೆಗಾಲ ಮುಗಿಯಿತು, ದೀಪಾವಳಿ ಬಂತು, ಹೋಯಿತು. ಒಂದೇ ಮನೆ, ಒಂದೇ ಪಡಸಾಲೆ, ಅಪ್ಪ ಮಗ ಮಾತಿಲ್ಲ. ಅತ್ತೆ ಹರಕೆ ಹೊತ್ತರು. ನನ್ನ ಗಂಡ ಇಬ್ಬರಿಗೂ ಬೈದು ನೋಡಿದರು. ಯಾವುದೂ ನಡೆಯಲಿಲ್ಲ. ಕೊನೆಗೆ ಇಬ್ಬರ ನಡುವಿನ ತಂತಿಯಾಗಿ ಉಳಿದವಳು ನಾನು.

"ಯವ್ವಾ, ಫ್ಯಾನ್ ಬಂದ್ ಮಾಡಂತ ಹೇಳು ಅವಗ" ಎಂದು ಮಾವನವರು ನನಗೆ.

"ವೈನಿ, ನಂಗ ಸೆಕಿ ಆಗಾಕತ್ತದ ಅಂತ ಹೇಳ್ರಿ ಅಪ್ಪಗ."

ಇಬ್ಬರ ನಡುವೆ ಒಂದು ಮಾರು ದೂರವಿಲ್ಲ. ನಾನು ಒಳಗೆ ಒಲೆಯ ಮುಂದೆ, ಎರಡೂ ಕೈಗೆ ಜೋಳದ ಹಿಟ್ಟು. ಹೊರಗೆ ಬಂದು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸಿ ಒಳಗೆ ಹೋಗುವಷ್ಟರಲ್ಲಿ ಹೆಂಚಿನ ಮೇಲಿನ ರೊಟ್ಟಿ ಸುಟ್ಟಿರುತ್ತಿತ್ತು. ಸುಟ್ಟ ರೊಟ್ಟಿ ಯಾರಿಗೆ? ಮಾತು ಮುಟ್ಟಿಸಿದವಳಿಗೇ. ಈ ಕೆಲಸಕ್ಕೆ ಪಗಾರವಿಲ್ಲ, ಆದರೆ ಅಧಿಕಾರವಿದೆ. "ಆ ಬೇಕಾರ ನನ್ಮಗಗ ಕೇಳು, ಉಂಡಾನೇನು" ಎಂದು ಮಾವ ಗುಡುಗಿದರೆ ನಾನು ಮೈದುನನ ಹತ್ತಿರ ಹೋಗಿ, "ನೀ ಊಟ ಮಾಡೀದ್ಯೋ ಇಲ್ಲೋ ಅಂತ ಅಪ್ಪಗ ಚಿಂತಿ ಹತ್ಯಾದ" ಎನ್ನುತ್ತಿದ್ದೆ. ಅವನು ನಕ್ಕು, "ಅಪ್ಪ ಅಷ್ಟು ಚಂದ ಮಾತಾಡಂಗಿಲ್ಲ ವೈನಿ" ಎನ್ನುತ್ತಿದ್ದ. ಆದರೆ ಎದ್ದು ಬಂದು ಉಣ್ಣುತ್ತಿದ್ದ.

ಉಣ್ಣುವುದೆಂದೆನಲ್ಲ, ಅಲ್ಲಿಯೇ ಇತ್ತು ದೊಡ್ಡ ಕತೆ. ಇತಿಹಾಸಕ್ಕೆ ಸೇರಿದ ಮೇಲೆ ಅವನು ಹಳೆಯ ಗುಡಿ ನೋಡಲು ನಾರಾಯಣಪುರಕ್ಕೆ ಬೈಕು ಬಿಟ್ಟು ನಡೆದೇ ಹೋಗತೊಡಗಿದ. ಅಲ್ಲಿನ ಶಿವನ ಗುಡಿ ಕಟ್ಟಿದವರು ನಡೆದೇ ಬಂದಿದ್ದರಂತೆ. ನಡೆಯಲಿ, ಕಾಲು ಗಟ್ಟಿಯಾದೀತು ಎಂದು ಸುಮ್ಮನಿದ್ದೆವು. ಚಹಾ ಬಿಟ್ಟ. ಬಿಡಲಿ, ಹಾಲು ಉಳಿದೀತು. ಒಂದು ದಿನ ತಾಟಿನ ಮುಂದೆ ಕುಳಿತು, "ಅವ್ವಾ, ನಂಗ ಮೆಣಸಿನಕಾಯಿ ಬ್ಯಾಡ" ಎಂದ.

ಬೀದರ ಜಿಲ್ಲೆಯಲ್ಲಿ ಹುಟ್ಟಿದವನು ಆಡುವ ಮಾತೇ ಇದು? ಅತ್ತೆ ಮೊದಲು ಅವನ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ. ವಿಷಯ ಏನೆಂದರೆ, ಆ ಗುಡಿ ಕಟ್ಟಿದ ಕಾಲದಲ್ಲಿ ನಮ್ಮ ಕಡೆ ಮೆಣಸಿನಕಾಯಿ ಇರಲಿಲ್ಲವಂತೆ. ಅದು ಆಮೇಲೆ ಸಮುದ್ರ ದಾಟಿ ಬಂದದ್ದಂತೆ. ಅವರಂತೆ ಉಣ್ಣದೆ ಅವರ ವಿಷಯ ಓದುವುದು ಹೇಗೆ? ಆಗಲಿ ಎಂದರೆ ಪಟ್ಟಿ ಬೆಳೆಯಿತು. ಟೊಮೆಟೊ ಇರಲಿಲ್ಲ, ಬಟಾಟೆ ಇರಲಿಲ್ಲ. ಶೇಂಗಾ ಇರಲಿಲ್ಲ, ಆದ್ದರಿಂದ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಬಂದ್. ಸೀತಾಫಲವೂ ಇರಲಿಲ್ಲ ಎಂದಾಗ ಅತ್ತೆಗೆ ಸಿಟ್ಟು ಬಂತು.

"ಇಷ್ಟೆಲ್ಲಾ ಇರಲಿಲ್ಲಂದ್ರ ಅವರು ಗುಡಿ ಯಾತರ ಮ್ಯಾಲ ಕಟ್ಟಿದ್ರೋ?" ಎಂದು ಕೇಳಿದರು.

"ತೊಗರಿ ಬ್ಯಾಳಿ, ಜ್ವಾಳದ ರೊಟ್ಟಿ ಮ್ಯಾಲ" ಎಂದ.

ಅಂದಿನಿಂದ ಮನೆಯಲ್ಲಿ ಎರಡು ಪಾತ್ರೆ. ಒಂದರಲ್ಲಿ ನಮ್ಮ ಕೆಂಪು ಸಾರು, ಇನ್ನೊಂದರಲ್ಲಿ ಅವನ ಬಿಳಿ ಸಾರು, ಅದಕ್ಕೆ ಕರಿಮೆಣಸು. ಇದನ್ನು ನೋಡಿ ಮಾವನವರು ನನ್ನ ಮೂಲಕ ಒಂದೇ ಪ್ರಶ್ನೆ ಕಳಿಸಿದರು: "ಆವಾಗ ಮೊಬೈಲ್ ಇತ್ತೇನಂತ ಕೇಳು." ಮೈದುನ ಮೊಬೈಲನ್ನು ಮೆಲ್ಲಗೆ ಕಿಸೆಗೆ ಇಳಿಸಿದ.

ಮುಂದೊಂದು ದಿನ ತವರಿಗೆ ಹೋಗಲು ಹುಮನಾಬಾದ್ ಬಸ್‌ ನಿಲ್ದಾಣದಲ್ಲಿ ಇಳಿದೆ. ದುಬಲಗುಂಡಿಯ ಬಸ್ಸಿಗೆ ಹೊತ್ತಿತ್ತು. ಎದುರಿನ ಬಂಡಿಯ ಹತ್ತಿರ ನಮ್ಮ ಇತಿಹಾಸಕಾರರು ನಿಂತಿದ್ದಾರೆ, ಕೈಯಲ್ಲಿ ಬಿಸಿ ಮಿರ್ಚಿ ಭಜಿ, ಕಣ್ಣಲ್ಲಿ ನೀರು. ನಾನು ಹಿಂದಿನಿಂದ ಹೋಗಿ, "ಇದು ಯಾವ ರಾಜನ ಕಾಲದ್ದಪ್ಪಾ?" ಎಂದೆ.

ಅವನು ಹೆದರಲಿಲ್ಲ. ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿ, "ಪಾಪ, ಅವರಿಗಿ ಏನು ಸಿಕ್ಕಿದ್ದಿಲ್ಲ ಅನ್ನೋದೂ ತಿಳೀಬೇಕಲ್ರಿ ವೈನಿ" ಎಂದ. ನನಗೂ ಒಂದು ಕೊಡಿಸಿದ. ನಾನು ಮನೆಯಲ್ಲಿ ಹೇಳಲಿಲ್ಲ.

ಭಜಿ ತಿನ್ನುತ್ತ ಕಲ್ಲು ಬೆಂಚಿನ ಮೇಲೆ ಕುಳಿತಾಗ, ಯಾಕೆ ಬಿಟ್ಟೆ ಕೆಮಿಸ್ಟ್ರಿ ಎಂದು ಕೇಳಿದೆ. ಇಷ್ಟು ತಿಂಗಳಲ್ಲಿ ಮನೆಯಲ್ಲಿ ಎಲ್ಲರೂ ಬೈದಿದ್ದೆವು, ಯಾರೂ ಇದನ್ನು ಕೇಳಿರಲಿಲ್ಲ. ಅವನು ಕೈಯ ಎಣ್ಣೆಯನ್ನು ಕಾಗದಕ್ಕೆ ಒರೆಸಿ ಹೇಳಿದ: "ಪ್ರಯೋಗ ಮಾಡ್ತೀವಲ್ರಿ, ಏನು ಬರಬೇಕು ಅನ್ನೋದು ಮೊದಲಾ ಎಲ್ಲರಿಗೂ ಗೊತ್ತಿರ್ತದ. ನಂಗ ಮನಸ್ಸು ಹತ್ತಲಿಲ್ಲ. ಇಲ್ಲಿ ಹಂಗಲ್ಲ. ರಾಜರದ್ದು ಬರದಿಟ್ಟಾರ. ನಮ್ಮಂಥವರು ಹ್ಯಾಂಗ ಇದ್ರು ಅಂತ ಯಾರೂ ಬರದಿಲ್ಲ ವೈನಿ. ಅದನ್ನ ಹುಡುಕಬೇಕನಸ್ತದ."

ನಾನು ಬಸ್ಸಿನಲ್ಲಿ ಕುಳಿತು ಅದನ್ನೇ ಯೋಚಿಸಿದೆ. ಮದುವೆಯಾದಾಗ ನನ್ನ ಊರು ಬದಲಾಯಿತು, ಅಡ್ಡಹೆಸರು ಬದಲಾಯಿತು, ಏಳುವ ಹೊತ್ತು, ಸಾರಿನ ಹುಳಿ ಎಲ್ಲ ಬದಲಾದವು. ಪಿಯುಸಿ ಓದಿದವಳು ಎಮ್ಮೆಯ ಕೆಚ್ಚಲು ತೊಳೆಯಲು ಕಲಿತೆ. ಆಗ ಯಾರಿಗೂ ಅದು ವಿಚಿತ್ರವೆನಿಸಲಿಲ್ಲ, ನನಗೂ ಅನಿಸಲಿಲ್ಲ. ಈ ಹುಡುಗ ತಾನೇ ಮನಸ್ಸು ಮಾಡಿ ಬದಲಾದ ಎಂದು ಎಲ್ಲರಿಗೂ ತಲೆ ಕೆಟ್ಟವನಾದ. ನನಗೆ ಅವನ ಮೇಲೆ ಒಂದಿಷ್ಟು ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಈಗ ಕಲ್ಲಿನ ವಿಷಯ. ನಮ್ಮ ಹೊಲದ ಬದುವಿನಲ್ಲಿ ಬೇವಿನ ಮರದ ಕೆಳಗೆ ಎದೆಯುದ್ದದ ಒಂದು ಕಲ್ಲಿದೆ. ಹೊಲದ ದೇವರು ಎನ್ನುತ್ತೇವೆ. ಪ್ರತಿ ವರ್ಷ ಎಳ್ಳ ಅಮಾವಾಸ್ಯೆಗೆ ಮಾವನವರು ಅದಕ್ಕೆ ಸುಣ್ಣ ಬಳಿದು, ಕುಂಕುಮ ಹಚ್ಚಿ, ಕಾಯಿ ಒಡೆಯುತ್ತಾರೆ. ಅವರ ಅಪ್ಪನೂ ಹಾಗೆಯೇ ಮಾಡುತ್ತಿದ್ದರಂತೆ. ಸುಣ್ಣದ ಮೇಲೆ ಸುಣ್ಣ ಕೂತು ಅದೊಂದು ಬಿಳಿ ಉಂಡೆಯಾಗಿತ್ತು. ಮೈದುನನ ಕಣ್ಣು ಅದರ ಮೇಲೆ ಬಿತ್ತು. ರಜೆ ಇದ್ದಾಗಲೆಲ್ಲ ಹೋಗಿ ಒದ್ದೆ ಗೋಣಿ ಹೊದಿಸಿ, ಕಟ್ಟಿಗೆಯ ಚೂರಿನಿಂದ, ತೆಂಗಿನ ನಾರಿನಿಂದ ಸುಣ್ಣ ಬಿಡಿಸತೊಡಗಿದ. ಮನೆಗೆ ಬರುವಾಗ ಜೋಳದ ದಂಟು ಒರಗಿಸಿ ಮುಚ್ಚಿ ಬರುತ್ತಿದ್ದ. ಒಂದು ದಿನ ಬುತ್ತಿ ಒಯ್ದಾಗ ನಾನು ನೋಡಿದೆ. ಮೊದಲೇ ಮಾತಿಲ್ಲ, ದೇವರ ಮೈ ಕೆರೆದಿದ್ದಾನೆ ಎಂದು ಗೊತ್ತಾದರೆ ಮಾವನವರು ಇವನನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆಯೇ? ಬೇಡವೋ ಎಂದೆ. "ಅಮಾಸಿ ದಿನ ಅಪ್ಪ ನೋಡಲಿ. ಆಮ್ಯಾಲ ಹೊರಗ ಹಾಕಿದ್ರ ಹಾಕಲಿ" ಎಂದ.

ಎಳ್ಳ ಅಮಾವಾಸ್ಯೆಗೆ ಬೀಗರು, ಮಕ್ಕಳು ಸಹಿತ ಎಲ್ಲರೂ ಹೊಲದಲ್ಲಿ. ಸಜ್ಜೆ ರೊಟ್ಟಿ, ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಗಡಿಗೆ ತುಂಬ ಅಂಬಲಿ. ನಾವು ಬುಟ್ಟಿ ಇಳಿಸುತ್ತಿದ್ದಂತೆ ಮಾವನವರು ಸುಣ್ಣದ ಬಕೆಟ್ಟು ಹಿಡಿದು ಬೇವಿನ ಮರದ ಕಡೆ ಹೋದರು. ನಾನು ಬುಟ್ಟಿ ಬಿಟ್ಟು ಹಿಂದೆ ಓಡಿದೆ. ಅಷ್ಟರಲ್ಲಿ ಅವರು ದಂಟು ಸರಿಸಿ ಆಗಿತ್ತು.

ಕಲ್ಲು ಕಪ್ಪಗೆ ಸ್ವಚ್ಛವಾಗಿ ನಿಂತಿತ್ತು. ಕೆಳಗೆ ಸಾಲು ದನಗಳು, ಅವುಗಳ ಮುಂದೆ ಬಿಲ್ಲು ಹಿಡಿದ ಒಬ್ಬ ಮನುಷ್ಯ, ಅವನ ಎದುರಿಗೆ ಬಹಳ ಜನ. ಮೇಲೆ ಇಬ್ಬರು ಹೆಂಗಸರು ಅವನ ತೋಳು ಹಿಡಿದು ಎತ್ತಿಕೊಂಡು ಹೋಗುತ್ತಿದ್ದರು. ಎಲ್ಲಕ್ಕಿಂತ ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕುಳಿತಿದ್ದ. ಮಾವನವರು ಬಕೆಟ್ಟು ಹಿಡಿದೇ ಅದನ್ನು ಕೆಳಗಿನಿಂದ ಮೇಲಿನ ತನಕ ನೋಡಿದರು. ಮೈದುನ ಮರದ ಆಚೆ ನಿಂತಿದ್ದ.

"ಯವ್ವಾ, ಇದೇನಂತ ಕೇಳು ಅವಗ."

"ವೀರಗಲ್ಲು ಅಂತ ಹೇಳ್ರಿ ವೈನಿ."

"ವೀರಗಲ್ಲಂತ್ರಿ ಮಾವಾರ" ಎಂದೆ.

"ಯಾವ ರಾಜಂದಂತ?"

"ರಾಜಂದಲ್ಲಂತ ಹೇಳ್ರಿ" ಎಂದ ಮೈದುನ. "ದನ ಕಾಯಾಂವಂದು. ಕಳ್ಳರು ಊರ ದನ ಹೊಡಕೊಂಡು ಹೊಂಟಾಗ ಅಡ್ಡ ನಿಂತಾನ. ಒಬ್ಬನಾ ಇದ್ದಂಗ ಕಾಣಸ್ತದ. ಅಲ್ಲೇ ಸತ್ತಾನ. ಅವನ ಹೆಸರಿಲೆ ಊರವರು ಕಲ್ಲು ನಿಲ್ಲಿಸ್ಯಾರ."

ನಾನು ಮಾವನವರ ಕಡೆ ತಿರುಗಿ ಬಾಯಿ ತೆರೆದೆ. ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ. ಬಕೆಟ್ಟು ಕೆಳಗಿಟ್ಟು ಕುಕ್ಕರುಗಾಲಲ್ಲಿ ಕುಳಿತು, ಒಂದೊಂದೇ ದನದ ಬೆನ್ನಿನ ಮೇಲೆ ಕೈಯಾಡಿಸಿದರು. ಆಮೇಲೆ ಮಗನ ಕಡೆಗೇ ಮುಖ ಎತ್ತಿ ಕೇಳಿದರು:

"ದನಾ ಉಳದೂ ಏನೋ?"

ಮೈದುನನಿಗೆ ತನ್ನನ್ನೇ ಕೇಳಿದ್ದು ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. "ಉಳದಾವಪ್ಪಾ. ಎಲ್ಲಾ ಮನಿಗಿ ಬಂದಾವ" ಎಂದ.

ಮಾವನವರು ರುಮಾಲಿನ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ದನ ಕಾಯಾಂವನ ಮಗ ಅಂತ ನಿನಗ ಯಾರೂ ಅನಬಾರದು ಅಂತಿದ್ದೆ ನಾ" ಎಂದರು. ಪಕ್ಕದ ನೆಲವನ್ನು ಕೈಯಿಂದ ಸವರಿ, "ಬಾ, ಕುಂದ್ರು. ಮೊದಲಿಂದ ಹೇಳು" ಎಂದರು.

ನಾನು ಅಲ್ಲಿಂದ ಮೆಲ್ಲಗೆ ಸರಿದು ಬಂದೆ. ರೊಟ್ಟಿ ತೆಗೆದಿಡುತ್ತಿದ್ದ ಅತ್ತೆ ನನ್ನ ಮುಖ ನೋಡಿ, ಯಾಕ ಅಳಾಕತ್ತಿ ಎಂದು ಗಾಬರಿಯಾದರು. ಮಾತಾಡಾಕತ್ತಾರ ಅತ್ತಿ, ಇಬ್ಬರೂ ಮಾತಾಡಾಕತ್ತಾರ ಎಂದೆ. ಅತ್ತೆ ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಯಲ್ಲಿ ಹಾಕಿ, ಸೆರಗಿನಿಂದ ಮುಖ ಮುಚ್ಚಿಕೊಂಡು ಅಲ್ಲೇ ಕುಳಿತುಬಿಟ್ಟರು. ಬೀಗರು, ಮಕ್ಕಳು ಎಲ್ಲ ಹಸಿದಿದ್ದರು, ಅಂಬಲಿ ಬಿಸಿಲಿಗೆ ಹುಳಿಯಾಗುತ್ತಿತ್ತು. ಅವರಿಬ್ಬರೂ ತಾವಾಗಿ ಎದ್ದು ಬರುವ ತನಕ ನಾವು ಯಾರೂ ಊಟಕ್ಕೆ ಕರೆಯಲಿಲ್ಲ.