ಅತ್ತೆಯ ಪಾಸ್‌ಪೋರ್ಟಿನಲ್ಲಿ ಜಾಗವಿಲ್ಲ

ನಮ್ಮ ಅತ್ತೆ ಹತ್ತಾರು ದೇಶ ಸುತ್ತಿ ಬಂದಿದ್ದಾಳೆ. ಆದರೆ ಪ್ರತಿ ದೇಶದಲ್ಲೂ ಅವಳು ನೋಡಿರುವುದು ಒಂದೇ ಜಾಗ: ಬಚ್ಚಲುಮನೆ.

ನಂಬಿಕೆ ಬರದಿದ್ದರೆ ನೀವೇ ಕೇಳಿ ನೋಡಿ. "ಅತ್ತೆ, ದುಬೈನಲ್ಲಿ ಆ ಆಕಾಶದೆತ್ತರದ ಕಟ್ಟಡ ನೋಡಿದ್ಯಾ?" ಎಂದರೆ, "ನೋಡ್ದೆ ಕಣೋ, ಮಗು ಬಟ್ಟೆ ಹಿಂಡ್ತಿದ್ದಾಗ ಕಿಟಕೀಲಿ ಅದರ ಬುಡ ಕಾಣಿಸ್ತು" ಎನ್ನುತ್ತಾಳೆ. ಲಂಡನ್? "ಅಲ್ಲಿ ಬಚ್ಚಲಿಗೆ ಕಾರ್ಪೆಟ್ ಹಾಸಿರ್ತಾರೆ. ನೀರು ಹುಯ್ಯೋದೆಲ್ಲಿ?" ಸಿಂಗಪುರ? "ಬಿಸಿನೀರು ಚೆನ್ನಾಗಿ ಬರತ್ತೆ." ಪ್ರವಾಸ ಕಥನ ಮುಗಿಯಿತು.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಜೀವನ್ ಬಿಮಾ ನಗರದಲ್ಲಿ ಒಂದು ಹಳೆಯ ಮಹಡಿ ಮನೆ, ಮನೆಯ ತುಂಬ ಎಣ್ಣೆ ಸೀಸೆಗಳು. ಸ್ವಂತ ಮಕ್ಕಳಿಲ್ಲ. ಬಾಣಂತನ ಮಾಡುವುದು ಅವಳ ಕಸುಬು. ಕಸುಬು ಎಂದರೆ ಬೈಯುತ್ತಾಳೆ, ಚಟ ಅನ್ನೋಣ. ನೆಂಟರಲ್ಲಿ, ನೆಂಟರ ನೆಂಟರಲ್ಲಿ, ಕೊನೆಗೆ ಎದುರು ಮನೆಯವರ ಬೀಗರಲ್ಲಿ ಯಾರದೇ ಬಸಿರಿನ ಸುದ್ದಿ ಬಂದರೂ ಟಿಕೆಟ್ ಅತ್ತೆಗೆ ಬರುತ್ತದೆ. ಅವಳು ಹಲಸೂರಿನ ಗ್ರಂಧಿಗೆ ಅಂಗಡಿಗೆ ಹೋಗಿ ಬಜೆ, ಒಣಶುಂಠಿ, ಸಾಂಬ್ರಾಣಿ ಕಟ್ಟಿಸಿಕೊಂಡು ವಿಮಾನ ಹತ್ತುತ್ತಾಳೆ. ಲಂಡನ್ನಿನಲ್ಲಿ ಅವಳು ಹಾಕಿದ ಸಾಂಬ್ರಾಣಿ ಹೊಗೆಗೆ ಇಡೀ ಕಟ್ಟಡದ ಗಂಟೆ ಬಡಿದುಕೊಂಡು ಬೆಂಕಿ ಆರಿಸುವವರ ವಾಹನ ಬಂದಿತ್ತಂತೆ. ಬಂದವರು ಆರಿಸುವುದಕ್ಕೆ ಏನೂ ಇಲ್ಲದೆ ಒಬ್ಬೊಬ್ಬರೂ ಒಂದೊಂದು ಅಂಟಿನುಂಡೆ ತಿಂದು ಹೋದರಂತೆ. ಉಂಡೆ ತಿಂದವರಿಗೂ ಅವಳು ಎದೆಹಾಲು ಹೆಚ್ಚುತ್ತದೆ ಎಂದು ಹೇಳದೆ ಬಿಟ್ಟಿರಲಾರಳು ಎಂಬುದು ನನ್ನ ಗುಮಾನಿ.

ಇನ್ನು ನಾನು. ನನಗೆ ಬರುವ ವಿದ್ಯೆ ಒಂದೇ, ಮಂದಿಯ ದನಿ ಅನುಕರಿಸುವುದು. ಆಫೀಸಿನಲ್ಲಿ ಮ್ಯಾನೇಜರ್ ದನಿ ತೆಗೆದು, ತಿರುಗಿ ನೋಡಿದರೆ ಅವರೇ ನಿಂತಿದ್ದು, ಆ ವರ್ಷದ ಬಡ್ತಿ ಅಲ್ಲಿಗೇ ನಿಂತಿತು. ಮನೆಯ ಸಮಾರಂಭಗಳಲ್ಲಿ ಮಾತ್ರ ನನಗೆ ಬೇಡಿಕೆ ಉಂಟು. ಎಲ್ಲರೂ ಕೇಳುವುದು ಅತ್ತೆಯ ದನಿಯನ್ನೇ. ನಾನು ಮೂಗಿನಲ್ಲಿ ಸ್ವಲ್ಪ ಗಾಳಿ ಬಿಟ್ಟು, "ಏನೇ ಮುದ್ದೂ, ಕಿವಿಗೆ ಹತ್ತಿ ಇಟ್ಕೊಂಡಿದ್ಯಾ?" ಎಂದರೆ ಮದುವೆ ಮನೆಯೇ ಬಿದ್ದು ನಗುತ್ತದೆ. ಬಾಣಂತಿಯ ಕಿವಿಗೆ ಗಾಳಿ ಹೋಗಬಾರದು ಎಂಬುದು ಅತ್ತೆಯ ಸಂವಿಧಾನದ ಮೊದಲ ವಿಧಿ. ಬಾಣಂತಿಗೆ ಮಾತ್ರವಲ್ಲ, ನೆಗಡಿಯಾದ ನನಗೂ ಅದನ್ನೇ ಕೇಳುತ್ತಾಳೆ. ಅತ್ತೆ ನನ್ನ ಅನುಕರಣೆ ನೋಡಿ ಒಂದೇ ಸಲ ವಿಮರ್ಶೆ ಮಾಡಿದಳು: "ನನ್ನ ದನಿ ಇಷ್ಟು ಚೆನ್ನಾಗಿಲ್ಲ ಬಿಡೋ."

ನಾನಿರುವುದು ಕೆ.ಆರ್. ಪುರದಲ್ಲಿ. ಟಿನ್ ಫ್ಯಾಕ್ಟರಿ ಹತ್ತಿರ ಸಿಕ್ಕಿಹಾಕಿಕೊಂಡು ನಾನು ಅವಳ ಮನೆ ಮುಟ್ಟುವಷ್ಟರಲ್ಲಿ, ಅವಳು ದೋಹಾ ಮುಟ್ಟಿ ಒಂದು ಮಗುವಿಗೆ ಎಣ್ಣೆ ಹಚ್ಚಿ ಮುಗಿಸಿರುತ್ತಾಳೆ. ನಮ್ಮ ಮನೆಗೆ ಬಾ ಎಂದರೆ, "ಫಾರಿನ್‌ಗೆ ಹೋಗೋದು ಸುಲಭ ಕಣೋ, ನಿಮ್ಮನೆಗೆ ಬರಕ್ಕೆ ಧೈರ್ಯ ಬೇಕು" ಎನ್ನುತ್ತಾಳೆ.

ಇಂಥ ಅತ್ತೆಯ ಪಾಸ್‌ಪೋರ್ಟಿನಲ್ಲಿ ಈ ವರ್ಷ ಜಾಗ ಮುಗಿದುಹೋಯಿತು. ಅದೂ ಎಂಥ ಹೊತ್ತಿನಲ್ಲಿ? ಮಸ್ಕತ್‌ನಲ್ಲಿರುವ ನಮ್ಮಕ್ಕನಿಗೆ ಏಳು ತಿಂಗಳು ತುಂಬಿದಾಗ. ನಮಗೆ ಅಮ್ಮ ಇಲ್ಲ. ಅಕ್ಕನ ಹೆರಿಗೆಗೆ ಹೋಗಬೇಕಾದವಳು ಅತ್ತೆ ಒಬ್ಬಳೇ.

ಜಾಗ ಮುಗಿದದ್ದು ಅವಳ ತಪ್ಪಲ್ಲ ಎಂದು ಹೇಳಬೇಕೆನಿಸುತ್ತದೆ, ಆದರೆ ಪೂರ್ತಿ ಹೇಳಲಾರೆ. ಪುಟ ಉಳಿಸುವುದರಲ್ಲಿ ಅತ್ತೆಯಂಥ ಜಿಪುಣೆ ಇನ್ನೊಬ್ಬಳಿಲ್ಲ. ತಾರಸಿಯ ಮೇಲೆ ಹಪ್ಪಳ ಒಣಹಾಕಿದವರಿಗೆ ಗೊತ್ತು, ಒಂದು ಹಳೇ ಸೀರೆಯ ಮೇಲೆ ಒತ್ತೊತ್ತಾಗಿ ಎಷ್ಟು ಹಿಡಿಸಬಹುದೆಂದು. ಅತ್ತೆಗೆ ಪಾಸ್‌ಪೋರ್ಟೂ ಅಂಥದೇ ಸೀರೆ. ಯಾವ ದೇಶದ ಅಧಿಕಾರಿಯೇ ಆಗಲಿ, ಮೊಹರು ಒತ್ತಲು ಹೊಸ ಪುಟ ತೆರೆದನೋ, ಗಾಜಿನ ಸಂದಿಯಲ್ಲಿ ಬೆರಳು ತೂರಿಸಿ ಹಳೇ ಪುಟದ ಮೂಲೆ ತೋರಿಸುತ್ತಾಳೆ. "ಇಲ್ಲಿ ಜಾಗ ಇದ್ಯಲ್ಲಪ್ಪಾ, ಇಲ್ಲೇ ಒತ್ತು." ಶುದ್ಧ ಕನ್ನಡದಲ್ಲಿ. ಅರಬ್ಬಿಯವನೂ ಅಲ್ಲೇ ಒತ್ತಿದ, ಇಂಗ್ಲಿಷಿನವನೂ ಅಲ್ಲೇ ಒತ್ತಿದ. ಹೀಗಾಗಿ ಅವಳ ಪಾಸ್‌ಪೋರ್ಟಿನ ಎಲ್ಲ ಮೊಹರುಗಳೂ ಮೂಲೆಗಳಲ್ಲಿ ಜಮಾಯಿಸಿ, ಹೊಟ್ಟೆಯ ಭಾಗ ಖಾಲಿ ಉಳಿಯಿತು. ಆ ಹೊಟ್ಟೆಗಳ ಮೇಲೆ ವೀಸಾ ಚೀಟಿಗಳು ಬಂದು ಕಾಲು ಚಾಚಿ ಮಲಗಿದವು. ಅವು ಅತ್ತೆಯ ಮಾತು ಕೇಳುವುದಿಲ್ಲ.

ಆದರೂ ಕೆಲವು ಪುಟ ಉಳಿಯಬೇಕಿತ್ತು. ಅವನ್ನು ಮುಗಿಸಿದ್ದು ಆಯುಧ ಪೂಜೆ.

ನಗಬೇಡಿ. ಅತ್ತೆಯ ಮನೆಯ ಆಯುಧ ಪೂಜೆಯಲ್ಲಿ ಈಳಿಗೆ ಮಣೆ, ಮಿಕ್ಸಿ, ಎಣ್ಣೆ ಬಟ್ಟಲುಗಳ ಸಾಲಿನಲ್ಲಿ ಪಾಸ್‌ಪೋರ್ಟೂ ಕೂರುತ್ತದೆ. ಅದೂ ಅವಳ ಆಯುಧವೇ ತಾನೆ? ಪ್ರತಿ ವರ್ಷ ಒಂದು ಹೊಸ ಪುಟ ತೆರೆದು, ನಟ್ಟನಡುವೆ ಒದ್ದೆ ಬೆರಳಲ್ಲಿ ಅರಿಶಿನ ಕುಂಕುಮ. ಪರದೇಶದ ಸರ್ಕಾರಗಳನ್ನು ಮೂಲೆಗೆ ತಳ್ಳಿದವಳು ಮನೆದೇವರಿಗೆ ಮಾತ್ರ ಪುಟದ ಮಧ್ಯವನ್ನೇ ಬಿಟ್ಟುಕೊಟ್ಟಳು.

ಶಿವಾಜಿನಗರದ ಗಲ್ಲಿಯಲ್ಲಿ ನಮ್ಮ ಟಿಕೆಟ್ ಮಾಡಿಕೊಡುವ ಭಾಯಿ ಇದ್ದಾರೆ. ಅತ್ತೆಯ ಎಲ್ಲ ಪ್ರಯಾಣವೂ ಅವರ ಕೈಯಿಂದಲೇ. ಮಸ್ಕತ್ ಟಿಕೆಟ್ ಕೇಳಿದಾಗ ಅವರು ಪಾಸ್‌ಪೋರ್ಟ್ ತಿರುವಿ ತಿರುವಿ ನೋಡಿ, ಕನ್ನಡಕ ತೆಗೆದಿಟ್ಟರು.

"ಅಮ್ಮಾ, ಇದ್ರಾಗೆ ಒಂದ್ ಪೇಜೂ ಖಾಲಿ ಇಲ್ಲ. ಟಿಕೆಟ್ ಮಾಡಿದ್ರೆ ಏರ್‌ಪೋರ್ಟಲ್ಲೇ ವಾಪಸ್ ಕಳಿಸ್ತಾರೆ."

"ಒಂದು ಹಾಳೆ ಜಾಸ್ತಿ ಕೊಡಲ್ವಾ ಭಾಯಿ? ಪರೀಕ್ಷೇಲಿ ಅಡಿಷನಲ್ ಶೀಟ್ ಕೊಡ್ತಾರಲ್ಲ, ದಾರ ಕಟ್ಕೊಂಡ್ರೆ ಆಯ್ತು."

"ಹಂಗೆಲ್ಲ ಇಲ್ಲಮ್ಮಾ."

"ಕೊನೇಲಿ ಇದೊಂದು ಪುಟ ಇದ್ಯಲ್ಲ, ಸುಮ್ನೆ ಬಿದ್ದಿದೆ."

"ಅದು ಆಫೀಸಿನವ್ರು ಬರೆಯೋಕೆ ಇರೋದು."

"ಇಷ್ಟು ವರ್ಷದಿಂದ ಏನೂ ಬರೆದಿಲ್ವಲ್ಲ. ಅವರಿಗೆ ಆಸಕ್ತಿ ಇಲ್ಲ ಅಂತಾಯ್ತು."

ಭಾಯಿ ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಮೆಕ್ಕಾ ಚಿತ್ರ ನೋಡಿದೆ. ಭಾಯಿ ತಾಳ್ಮೆಯಿಂದ ವಿವರಿಸಿದರು: ಪುಟ ಮುಗಿದರೆ ಅವಧಿ ಉಳಿದಿದ್ದರೂ ಹೊಸ ಪಾಸ್‌ಪೋರ್ಟಿಗೇ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಪುಟ ಮುಗಿದಿದೆ ಎಂಬ ಕಾರಣ ಆರಿಸಬೇಕು. ಹಳೆಯದನ್ನು ರದ್ದು ಮಾಡಿ, ಮೂಲೆ ಕತ್ತರಿಸಿ, ವಾಪಸ್ ಕೊಡುತ್ತಾರೆ.

"ಮೂಲೆನಾ?" ಅತ್ತೆ ಪಾಸ್‌ಪೋರ್ಟನ್ನು ಎದೆಗೊತ್ತಿಕೊಂಡಳು. "ಮೂಲೇಲೆಲ್ಲ ಮಕ್ಕಳಿದಾರೆ."

ಭಾಯಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಅತ್ತೆಗೆ ಅವು ಮೊಹರುಗಳಲ್ಲ. ಹೆಬ್ಬೆರಳು ನಾಲಿಗೆಗೆ ಒತ್ತಿ ಪುಟ ತಿರುಗಿಸುತ್ತ ಅವಳು ಓದುವ ಬಗೆಯೇ ಬೇರೆ. "ಇವನು ದೋಹಾದ ಅಳುಬುರುಕ. ಇವು ಸಿಂಗಪುರದ ಅವಳಿ, ಒಂದಕ್ಕೆ ನೀರು ಹಾಕಿದ್ರೆ ಇನ್ನೊಂದು ಅಳೋದು. ಇವಳು ಲಂಡನ್ನಿನೋಳು, ನನ್ನ ಕಾಲ ಮೇಲೆ ಮಲಗಿಸ್ಕೊಂಡ್ರೆ ಕಣ್ಣು ಬಿಟ್ಟು ನನ್ನೇ ನೋಡ್ತಿದ್ಲು." ಜಾಗ ಉಳಿಸಲೆಂದು ಎಲ್ಲರನ್ನೂ ಮೂಲೆಗೆ ತುಂಬಿದ್ದಳು. ಈಗ ಕತ್ತರಿ ಬರುವುದೂ ಮೂಲೆಗೇ!

ಮನೆಗೆ ಬಂದು ಪಾಸ್‌ಪೋರ್ಟನ್ನು ದೇವರ ಪಟದ ಹಿಂದೆ ಸೇರಿಸಿದಳು. "ಅವಳನ್ನೇ ಇಲ್ಲಿಗೆ ಕರೆಸ್ಕೊಳೋಣ" ಎಂದಳು. ಅಕ್ಕನಿಗೆ ವಿಮಾನ ಹತ್ತಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದೆ. "ಹಾಗಾದ್ರೆ ಬೇರೆ ಏನಾದ್ರೂ ಯೋಚನೆ ಮಾಡು, ಓದಿದೋನು." ನಾನು ಓದಿದವನ ದನಿಯಲ್ಲಿ ಕೆಮ್ಮಿದೆ. ಬೇರೆ ಏನೂ ಹೊಳೆಯಲಿಲ್ಲ.

ಮರುದಿನ ಅತ್ತೆ ಸ್ನಾನಕ್ಕೆ ಹೋಗಿದ್ದಾಗ ಅವಳ ಫೋನ್ ಹೊಡೆದುಕೊಂಡಿತು. ಅಕ್ಕ. ನನ್ನ ನಾಲಿಗೆ ಸುಮ್ಮನಿರಬೇಕಲ್ಲ? ಮೂಗಿಗೆ ಗಾಳಿ ತುಂಬಿಕೊಂಡು, "ಏನೇ ಮುದ್ದೂ, ಕಿವಿಗೆ ಹತ್ತಿ ಇಟ್ಕೊಂಡಿದ್ಯಾ?" ಎಂದೆ. ಅಕ್ಕ ನಗುತ್ತಾಳೆ, ಗುರುತು ಹಿಡಿದು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡೂ ಮಾಡಲಿಲ್ಲ.

"ಅತ್ತೆ," ಎಂದಳು ಅಕ್ಕ. "ಇವರ ಮುಂದೆ ಧೈರ್ಯವಾಗಿದೀನಿ ಅಂತ ಹೇಳ್ತೀನಿ. ನಿನ್ನ ಹತ್ರ ಸುಳ್ಳು ಹೇಳಕ್ಕಾಗಲ್ಲ. ನೀನು ಬರ್ದಿದ್ರೆ ನಂಗೆ ಆಗಲ್ಲ ಅತ್ತೆ. ಅಮ್ಮನೂ ಇಲ್ಲ."

ಬೇರೆಯವರ ದನಿಯಲ್ಲಿ ಎಷ್ಟೆಷ್ಟೋ ಮಾತಾಡಿದವನು ನಾನು. ಬೇರೆಯವರ ಕಿವಿಯಲ್ಲಿ ಕೇಳಿಸಿಕೊಂಡದ್ದು ಅದೇ ಮೊದಲು. "ಅಕ್ಕಾ, ನಾನು ಕಣೇ. ಇರು" ಎಂದು ಬಚ್ಚಲಿನ ಬಾಗಿಲು ಬಡಿದೆ. ಅತ್ತೆ ಸೀರೆ ಸುತ್ತಿಕೊಂಡು, ತಲೆಯಿಂದ ನೀರು ಸುರಿಸಿಕೊಂಡೇ ಫೋನ್ ಹಿಡಿದಳು. ಅವಳು ಹೆಚ್ಚು ಮಾತಾಡಲಿಲ್ಲ. "ಹೂಂ", "ಹೂಂ ಕಣೇ", "ಅಳಬೇಡ, ಮಗು ಕೇಳಿಸ್ಕೊಳತ್ತೆ". ಫೋನಿಟ್ಟು ನೇರ ದೇವರ ಪಟದ ಹಿಂದೆ ಕೈ ಹಾಕಿದಳು.

"ಹೊರಗೆ ಬಂದಿರೋ ಮಕ್ಕಳೆಲ್ಲ ಚೆನ್ನಾಗಿದಾವೆ. ಒಳಗಿರೋದರ ಕಥೆ ನೋಡೋಣ. ಭಾಯಿ ಅದೇನೋ ಅರ್ಜಿ ಅಂದ್ರಲ್ಲ, ತುಂಬು."

ತುರ್ತಿನ ಅರ್ಜಿ ಹಾಕಿದೆ. ಒಂದು ಕಡೆ ಪ್ರಶ್ನೆ ಬಂತು: ಮೂವತ್ತಾರು ಪುಟದ್ದು ಬೇಕೋ, ಅರವತ್ತು ಪುಟದ್ದು ಬೇಕೋ?

"ಮೂವತ್ತಾರು ಹಾಕು."

"ಅತ್ತೆ, ಮೂವತ್ತಾರು ಸಾಲ್ದೇ ತಾನೆ ಈ ಗತಿ ಬಂದಿದ್ದು?"

"ಅರವತ್ತು ಪುಟ ತುಂಬೋ ಹೊತ್ತಿಗೆ ನನಗೇ ಯಾರಾದ್ರೂ ನೀರು ಹಾಕ್ಬೇಕಾಗತ್ತೆ. ಮೂವತ್ತಾರು ಸಾಕು. ಅದೂ ಜಾಸ್ತೀನೇ."

ತಮಾಷೆಗೆ ಹೇಳಿದಂತೆ ಹೇಳಿ ಒಳಗೆ ಹೋದಳು. ಆದರೆ ನಾನು ದನಿಗಳ ವ್ಯಾಪಾರಿ. ಯಾವ ದನಿ ತಮಾಷೆಯದು, ಯಾವುದು ಅಲ್ಲ ಎಂದು ನನಗೆ ಗೊತ್ತಾಗುತ್ತದೆ. ಅರವತ್ತನ್ನು ಒತ್ತಿದೆ.

ಪಾಸ್‌ಪೋರ್ಟ್ ಕಚೇರಿಯಲ್ಲಿ ಕೊನೆಯ ಕೌಂಟರಿನ ಅಧಿಕಾರಿ ಮೀಸೆ ಇಲ್ಲದಿದ್ದರೂ ಮೀಸೆ ಇದ್ದವರಂತೆ ಕಾಣುತ್ತಿದ್ದರು. ಹಳೆಯ ಪಾಸ್‌ಪೋರ್ಟ್ ತಿರುವಿದರು. ತಿರುವಿದವರು ನಿಂತರು. ಪುಟದ ನಡುವೆ ಕೆಂಪು, ಹಳದಿ.

"ಇದು ಯಾವ ದೇಶದ ಸೀಲಮ್ಮಾ?"

"ಜೀವನ್ ಬಿಮಾ ನಗರದ್ದಪ್ಪಾ."

ಪಾಸ್‌ಪೋರ್ಟ್ ಹಾಳು ಮಾಡಿದ್ದೀರಿ ಎಂದರೆ ಮುಗಿಯಿತು, ಅದರ ತನಿಖೆ ಮುಗಿಯುವಷ್ಟರಲ್ಲಿ ಅಕ್ಕನ ಮಗು ಶಾಲೆಗೆ ಹೋಗುತ್ತದೆ. ಅಧಿಕಾರಿ ಹೆಸರು, ಫೋಟೊ ಇರುವ ಪುಟವನ್ನು ಬೆಳಕಿಗೆ ಹಿಡಿದು ನೋಡಿದರು. ಅದರ ಮೇಲೆ ಒಂದು ಕಲೆಯೂ ಇರಲಿಲ್ಲ.

"ಇಲ್ಲಿಗ್ಯಾಕೆ ಇಟ್ಟಿಲ್ಲ?"

"ಅಲ್ಲಿ ನನ್ನ ಮುಖ ಇದ್ಯಲ್ಲ. ನನಗೆ ನಾನೇ ಪೂಜೆ ಮಾಡ್ಕೊಳಕ್ಕಾಗತ್ತಾ?"

ಇಲ್ಲದ ಮೀಸೆಯ ಕೆಳಗೆ ಏನೋ ಅಲುಗಿತು. "ಮುಂದೆ ಪೂಜೆ ಮಾಡೋದಾದ್ರೆ ಮೇಲೊಂದು ಪ್ಲಾಸ್ಟಿಕ್ ಕವರ್ ಹಾಕಿ, ಕವರಿಗಿಡಿ. ಒಳಗೆ ಕೈ ಹಾಕ್ಬೇಡಿ, ನಿಜವಾಗ್ಲೂ ತೊಂದರೆ ಆಗತ್ತೆ" ಎಂದವರು ಕತ್ತರಿ ತೆಗೆದುಕೊಂಡರು. ಅತ್ತೆ ಕಣ್ಣು ಮುಚ್ಚಿದಳು.

"ಸಾರ್," ಎಂದೆ. ಆಶ್ಚರ್ಯ, ನನ್ನದೇ ದನಿಯಲ್ಲಿ. "ರಟ್ಟಿನ ಮೂಲೆ ಮಾತ್ರ ಕತ್ತರಿಸಕ್ಕಾಗತ್ತಾ? ಒಳಗಡೆ ಮೂಲೇಲಿ... ಸೀಲುಗಳಿವೆ."

ಅವರು ಅತ್ತೆಯ ಮುಚ್ಚಿದ ಕಣ್ಣು ನೋಡಿದರು. ರಟ್ಟಿನ ತುದಿಯನ್ನಷ್ಟೇ ಕತ್ತರಿಸಿ ರದ್ದಿನ ಮೊಹರೊತ್ತಿ ಮುಂದೆ ಸರಿಸಿದರು. ಅತ್ತೆ ಒಂದೊಂದೇ ಮೂಲೆ ಮುಟ್ಟಿ ನೋಡಿದಳು. ದೋಹಾ ಇತ್ತು, ಸಿಂಗಪುರದ ಎರಡೂ ಇದ್ದವು.

"ಹೊಸದು ಅರವತ್ತು ಪುಟ ಅಲ್ವಾ?" ಎಂದರು ಅಧಿಕಾರಿ, ಪರದೆ ನೋಡುತ್ತ.

ಅತ್ತೆ ನನ್ನ ಕಡೆ ತಿರುಗಿದಳು. "ಯಾರು ಹೇಳಿದ್ದು ಅರವತ್ತು ಅಂತ?"

"ನನಗಿನ್ನೂ ಮದುವೆ ಆಗಿಲ್ಲ ಅತ್ತೆ."

"ಅದಕ್ಕೂ ಇದಕ್ಕೂ ಏನೋ?"

"ನನ್ನ ಮಕ್ಕಳಿಗೆ ಯಾರು ನೀರು ಹಾಕ್ತಾರೆ?"

ಅತ್ತೆ ಹಳೇ ಪಾಸ್‌ಪೋರ್ಟನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಹಿಂದಿನ ಸಾಲಿನವರು ಕೆಮ್ಮಿದರು. "ಏನಮ್ಮಾ, ಅರವತ್ತು ಇರ್ಲಾ?" ಎಂದು ಅಧಿಕಾರಿ ಮತ್ತೆ ಕೇಳಿದರು.

"ಇರ್ಲಪ್ಪಾ," ಎಂದಳು. "ಹುಡುಗ ಕೇಳ್ತಿದಾನೆ."

ಹೊಸ ಪಾಸ್‌ಪೋರ್ಟ್ ದಪ್ಪಗೆ, ಬಸುರಿಯಂತೆ ಬಂತು. ಅತ್ತೆ ಬಜೆ, ಸಾಂಬ್ರಾಣಿ ಸಮೇತ ಮಸ್ಕತ್ ಸೇರಿಕೊಂಡಳು. ಹೆರಿಗೆ ನೋವು ಶುರುವಾದಾಗಿನಿಂದ ಮುಗಿಯುವವರೆಗೆ ಅಕ್ಕ ಅವಳ ಕೈ ಬಿಡಲಿಲ್ಲವಂತೆ. ಬಳೆ ಎರಡು ಒಡೆದವಂತೆ. ಹೆಣ್ಣು ಮಗು.

ಮೊನ್ನೆ ವಿಡಿಯೊ ಕಾಲ್ ಬಂತು. ನಾನು ಎಂದಿನಂತೆ ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸಿನಲ್ಲಿ ನಿಂತಿದ್ದೆ. ಅತ್ತೆ ಬಚ್ಚಲುಮನೆಯಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದಳು, ಕಾಲ ಮೇಲೆ ಮಗು ಎಣ್ಣೆಯಲ್ಲಿ ಮಿರಮಿರ ಮಿಂಚುತ್ತಿತ್ತು. ಮಗುವಿನ ಮುಖ ತೋರಿಸಿದ ಮೇಲೆ, "ಇರು, ಇನ್ನೊಂದು ತೋರಿಸ್ತೀನಿ" ಎಂದು ಅಕ್ಕನ ಕೈಯಲ್ಲಿ ಪಾಸ್‌ಪೋರ್ಟ್ ತರಿಸಿದಳು. ಮೊದಲ ಪುಟದಲ್ಲಿ ಒಂದೇ ಮೊಹರು, ಕರಾರುವಾಕ್ಕಾಗಿ ಮೂಲೆಯಲ್ಲಿ. ಎಣ್ಣೆ ಕೈಯಲ್ಲಿ ಮುಟ್ಟದೆ, ಅಕ್ಕನಿಂದಲೇ ಕೊನೆಯವರೆಗೆ ತಿರುವಿಸಿದಳು.

"ನೋಡ್ಕೊ. ಈ ಕೊನೇ ಎರಡು ಪುಟ ಯಾವ ದೇಶದೋರಿಗೂ ಮುಟ್ಟಕ್ಕೆ ಬಿಡಲ್ಲ. ಇದು ನಿನ್ನ ಮಕ್ಕಳಿಗೆ."

"ನಾನೆಲ್ಲಿಗೆ ಹೋಗ್ತೀನಿ ಅತ್ತೆ? ಕೆ.ಆರ್. ಪುರದಲ್ಲೇ ಇರ್ತೀನಿ."

"ಅದಕ್ಕೇ ಕಣೋ ಎರಡು ಇಟ್ಟಿರೋದು. ಅಷ್ಟು ದೂರಕ್ಕೆ ಒಂದರಲ್ಲಿ ಆಗಲ್ಲ."

ಅವಳದೇ ದನಿಯಲ್ಲಿ ಏನಾದರೂ ಮಾರುತ್ತರ ಕೊಡಬೇಕೆಂದು ಮೂಗಿಗೆ ಗಾಳಿ ತುಂಬಿಕೊಂಡೆ. ಬಸ್ಸು ಒಂದಿಷ್ಟು ಮುಂದೆ ಸರಿದು ಮತ್ತೆ ನಿಂತಿತು. ಪಕ್ಕದವರು ನನ್ನನ್ನೇ ನೋಡುತ್ತಿದ್ದರು.

"ಯಾಕೋ ಸುಮ್ನಾದೆ?" ಎಂದಳು ಅತ್ತೆ. "ಗಾಳೀಲಿ ನಿಂತಿದ್ಯಾ? ಕಿವಿಗೆ ಹತ್ತಿ ಇಟ್ಕೊಳೋ."